ವಾಪಸ್ ಬಂದ ಪೆಟ್ಟಿಗೆ

ಮಗಳೇ,

ನಿನ್ನ ಶೆಡ್ಡಿನ ಆಯುಧಪೂಜೆಯನ್ನು ಕಣ್ತುಂಬ ನೋಡಿದೆ. ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಮಷೀನಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಾಚೆ ಒಡೆದ ಬೂದುಗುಂಬಳ. ಕಡಲೆಪುರಿ ಹಂಚುವ ಗಡಿಬಿಡಿಯ ನಡುವೆ ನನ್ನ ಕಡೆ ತಿರುಗಿ ಕೇಳಿದೆಯಲ್ಲ, "ದೊಡ್ಡಪ್ಪ, ನಮ್ಮ ಪಂಪು ಹೊರದೇಶಕ್ಕೆ ಹೋಗೋದು ಯಾವಾಗ?" ಅಂತ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಪೀಣ್ಯದಲ್ಲಿ ಮೂವತ್ತು ವರ್ಷ ಜಾಬ್ ವರ್ಕ್ ಮಾಡಿದೆ. ಅಷ್ಟರಲ್ಲಿ ನನ್ನ ಮಾಲು ಒಂದೇ ಒಂದು ಸಲ ಸಮುದ್ರ ದಾಟಿತು, ದಾಟಿದ್ದು ವಾಪಸ್ ಬಂತು. ಆ ಪೆಟ್ಟಿಗೆಯ ಕಥೆ ಹೇಳುವ ಮೊದಲು ಇನ್ನೊಬ್ಬರ ಕಥೆ ಹೇಳಬೇಕು.

ಕೋಲಾರದ ಹಾದಿಯಲ್ಲಿ ನರಸಾಪುರದ ಹೋಂಡಾ ಕಾರ್ಖಾನೆಯನ್ನು ನೋಡಿದ್ದೀಯ. 2013ರಲ್ಲಿ ಶುರುವಾದದ್ದು. ಅದರ ಬೇರು ಇರುವುದು ಜಪಾನಿನ ಹಮಾಮತ್ಸು ಊರಿನಲ್ಲಿ. ಸೊಯಿಚಿರೊ ಹೋಂಡಾ ಕಮ್ಮಾರನ ಮಗ, 1906ರಲ್ಲಿ ಹುಟ್ಟಿದವರು. ಗ್ಯಾರೇಜಿನಲ್ಲಿ ರಿಪೇರಿ ಕಲಿತು, ಸ್ವಂತ ಅಂಗಡಿ ನಡೆಸಿ, ಮೂವತ್ತರ ಹೊತ್ತಿಗೆ ಪಿಸ್ಟನ್ ರಿಂಗ್ ಮಾಡುತ್ತೇನೆಂದು ಹೊರಟರು. ಎರಕ ಹೊಯ್ದದ್ದೆಲ್ಲ ಕೆಟ್ಟಿತು. ಲೋಹದಲ್ಲಿ ಸಿಲಿಕಾನ್ ಸಾಲದು ಎನ್ನುವುದೂ ಅವರಿಗೆ ತಿಳಿದಿರಲಿಲ್ಲ. ಆಗ ಆ ಮನುಷ್ಯ ತನಗಿಂತ ಎಷ್ಟೋ ಚಿಕ್ಕ ಹುಡುಗರ ಪಕ್ಕದಲ್ಲಿ ಕೂತು ಪಾಠ ಕೇಳಲು ಊರಿನ ತಾಂತ್ರಿಕ ಶಾಲೆಗೆ ಹೋದರು. ಅಂತೂ ಕೈ ಕುದುರಿತು ಅನ್ನಿಸಿದ ಮೇಲೆ ಟೊಯೋಟಾಗೆ ಮಾದರಿ ಕೊಟ್ಟರು. ಮಾಡಿದ್ದ ಸುಮಾರು 30 ಸಾವಿರ ರಿಂಗುಗಳಲ್ಲಿ 50ನ್ನು ಆರಿಸಿ ಕೊಟ್ಟರೆ, ಪಾಸಾದದ್ದು 3.

ಐವತ್ತಕ್ಕೆ ಮೂರು, ಮಗಳೇ. ತಾವೇ ಆರಿಸಿ ಕೊಟ್ಟದ್ದರಲ್ಲಿ! ಅಳತೆ ಮಾಡಿದವರ ಮೇಲೆ ಸಿಟ್ಟು ಬರುವುದು ಸಹಜ. ಹೋಂಡಾ ಮಾತ್ರ ಮತ್ತೆ ಹತ್ತಿರ ಹತ್ತಿರ ಎರಡು ವರ್ಷ ವಿಶ್ವವಿದ್ಯಾಲಯಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಅಲೆದರು. ಕೇಳಬೇಕಾದ್ದನ್ನೆಲ್ಲ ಕೇಳಿ ಬಂದು, ಅದೇ ಟೊಯೋಟಾಗೆ ರಿಂಗು ಸರಬರಾಜು ಮಾಡಿದರು.

ಯುದ್ಧ ಬಂತು. 1945ರ ಜನವರಿಯ ಭೂಕಂಪದಲ್ಲಿ ಕಾರ್ಖಾನೆ ಕುಸಿಯಿತು. ಉಳಿದದ್ದನ್ನು ಮಾರಿ, 1946ರಲ್ಲಿ ಒಂದು ಪುಟ್ಟ ಶೆಡ್ಡಿನಲ್ಲಿ ಮತ್ತೆ ಮೊದಲಿನಿಂದ ಶುರು. ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆ ವಿದ್ಯುತ್ ಕೊಡುತ್ತಿದ್ದ ಸಣ್ಣ ಎಂಜಿನ್‌ಗಳು ಅಗ್ಗಕ್ಕೆ ಸಿಕ್ಕವು. ಅವನ್ನು ಸೈಕಲ್ಲಿಗೆ ಕಟ್ಟಿದರು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕಾಗಿ ಕೂತದ್ದು, ಹಾಸಿಗೆ ಬೆಚ್ಚಗಿಡಲು ಮನೆಯಲ್ಲಿ ಬಳಸುವ ಬಿಸಿನೀರಿನ ಡಬ್ಬಿ. 1948ರಲ್ಲಿ ಹೋಂಡಾ ಮೋಟಾರ್ ಕಂಪನಿಯಾಗಿ ನೋಂದಣಿಯಾದಾಗ ಇದ್ದವರು 34 ಜನ.

ಮರುವರ್ಷ ಟಕೆಯೊ ಫುಜಿಸಾವಾ ಬಂದು ಸೇರಿದರು. ಎಂಜಿನ್ ಹೋಂಡಾರದು, ದುಡ್ಡು ಮತ್ತು ಮಾರಾಟ ಫುಜಿಸಾವಾರದು. ಹೋಂಡಾ ತಮ್ಮ ಮುದ್ರೆಯನ್ನೇ ಅವರ ಕೈಯಲ್ಲಿಟ್ಟುಬಿಟ್ಟರು. ಅಲ್ಲಿ ಮುದ್ರೆಯೆಂದರೆ ನಮ್ಮ ಸಹಿ ಹಾಕಿದ ಚೆಕ್ ಬುಕ್ ಇದ್ದ ಹಾಗೆ. 1952ರಲ್ಲಿ ಸೈಕಲ್ಲಿಗೆ ಕಟ್ಟುವ ಹೊಸ ಎಂಜಿನ್ ಬಂದಾಗ ಫುಜಿಸಾವಾ ದೇಶದ 50 ಸಾವಿರಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಕಾಗದ ಬರೆದರು, ಮುಂಗಡ ಹಣ ಪಡೆದು ಮಾಲು ಕಳಿಸಿದರು. ಶೆಡ್ಡು ನಡೆಸುವ ನಿಮ್ಮ ಮೂವರಲ್ಲಿ ಲೆಕ್ಕ ನೋಡುವವರು ಯಾರು ಅಂತ ಮೊನ್ನೆ ಕೇಳಿದಾಗ ಮೂವರೂ ಮುಖ ಮುಖ ನೋಡಿಕೊಂಡಿರಿ. ನನಗೆ ಅದು ಹೆದರಿಕೆ ಹುಟ್ಟಿಸಿತು. ಸಣ್ಣ ಕೈಗಾರಿಕೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಆ ದಿನಗಳನ್ನು ಎಣಿಸಿ, ಫೋನ್ ಮಾಡಿ, ನಾಚಿಕೆಪಡದೆ ಕೇಳುವ ಒಬ್ಬರು ನಿಮ್ಮಲ್ಲೇ ಇರಬೇಕು. ಒಳ್ಳೆಯ ಮಾಲು ಮಾಡಿಯೂ ಸಂಬಳ ಕೊಡಲಾಗದೆ ಬಾಗಿಲು ಹಾಕಿದ ಎಷ್ಟೋ ಶೆಡ್ಡುಗಳನ್ನು ನಾನು ಕಂಡಿದ್ದೇನೆ.

1954ರಲ್ಲಿ ಕಂಪನಿ ಸಾಲದಲ್ಲಿ ಮುಳುಗುತ್ತಿದ್ದಾಗಲೇ ಹೋಂಡಾ, ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಮೋಟಾರ್‌ಸೈಕಲ್ ರೇಸಿಗೆ ಇಳಿಯುವುದಾಗಿ ಸಾರಿದರು. ಅದೇ ವರ್ಷ ಅಲ್ಲಿಗೆ ಹೋಗಿ ನೋಡಿದರೆ, ಯುರೋಪಿನವರ ಎಂಜಿನ್‌ಗಳ ಮುಂದೆ ತಮ್ಮದು ಏನೇನೂ ಅಲ್ಲ ಎಂದು ಕಂಡಿತು. ಇಳಿದದ್ದು ಐದು ವರ್ಷದ ಮೇಲೆ, 1959ರಲ್ಲಿ. 125 ಸಿಸಿಯಲ್ಲಿ ಆರನೇ ಸ್ಥಾನ ಬಂತು. 1961ರಲ್ಲಿ 125, 250 ಎರಡನ್ನೂ ಗೆದ್ದರು.

ಇನ್ನು ಅಮೆರಿಕ. 1959ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಚೇರಿ ತೆರೆದಾಗ ಅವರ ಭರವಸೆಯೆಲ್ಲ ದೊಡ್ಡ ಬೈಕುಗಳ ಮೇಲೆ. ಬೈಕುಗಳು ಎಣ್ಣೆ ಸೋರತೊಡಗಿದವು, ಕ್ಲಚ್ಚು ಕೈಕೊಟ್ಟಿತು. ಜಪಾನಿನ ರಸ್ತೆಗೆ ಸರಿಯಾಗಿಯೇ ಇದ್ದ ಎಂಜಿನ್ ಅದು. ಅಮೆರಿಕದವರು ಓಡಿಸುವ ದೂರ, ವೇಗ ಎರಡೂ ಬೇರೆ. ಕೈಯಲ್ಲಿ ದುಡ್ಡಿರಲಿಲ್ಲ, ಅಲ್ಲಿದ್ದ ಕೆಲಸಗಾರರು ಒಂದೇ ಬಾಡಿಗೆ ಮನೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದ ಕಾಲ. ಅಂಥದ್ದರಲ್ಲೂ ಕೆಟ್ಟ ಬೈಕುಗಳನ್ನು ವಿಮಾನದಲ್ಲಿ ಜಪಾನಿಗೆ ಕಳಿಸಿದರು. ಅಲ್ಲಿ ಹಗಲು ರಾತ್ರಿ ಅವನ್ನು ಓಡಿಸಿ, ಅದೇ ರೀತಿ ಕೆಡುವಂತೆ ಮಾಡಿ ನೋಡಿ, ಒಂದು ತಿಂಗಳೊಳಗೆ ಹೆಡ್ ಗ್ಯಾಸ್ಕೆಟ್ಟನ್ನೂ ಕ್ಲಚ್ ಸ್ಪ್ರಿಂಗನ್ನೂ ಬದಲಿಸಿದರು. ಆ ನಡುವೆ ಅಮೆರಿಕದಲ್ಲಿ ಅವರು ಓಡಾಟಕ್ಕೆ ಬಳಸುತ್ತಿದ್ದ 50 ಸಿಸಿಯ ಪುಟ್ಟ ಸೂಪರ್ ಕಬ್ ಜನರ ಕಣ್ಣಿಗೆ ಬಿತ್ತು, ಮಾರಾಟವಾಗತೊಡಗಿತು. 2017ರ ಹೊತ್ತಿಗೆ ಆ ಸರಣಿಯ ಗಾಡಿಗಳು 10 ಕೋಟಿ ತಯಾರಾಗಿದ್ದವು. ಜನ ಈ 10 ಕೋಟಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ವಿಮಾನ ಹತ್ತಿ ಮನೆಗೆ ಬಂದ ಆ ಕೆಟ್ಟ ಬೈಕುಗಳು.

ಈಗ ನನ್ನ ಪೆಟ್ಟಿಗೆ. 40 ಮಿಲಿಮೀಟರ್ ವ್ಯಾಸದ ಹಿತ್ತಾಳೆ ಬುಷ್‌ಗಳು. ಒಬ್ಬ ಮಧ್ಯವರ್ತಿಯ ಮೂಲಕ ಹೊರದೇಶಕ್ಕೆ ಹೋದವು. ಹೊರಭಾಗದ ಅಳತೆ ಕಮ್ಮಿ ಎಂಬ ಒಂದು ಹಾಳೆಯ ರಿಪೋರ್ಟಿನೊಂದಿಗೆ ತಿರುಗಿ ಬಂದವು. ನಮ್ಮಲ್ಲಿ ಅಳತೆ ಸರಿಯಾಗಿಯೇ ಇತ್ತಲ್ಲ ಎಂದು ನಾನು ಕೆಂಡವಾದೆ. ಬೆಲೆ ಇಳಿಸಲು ಹೂಡಿದ ಆಟ ಎಂದು ಬೈದು ಕಾಗದ ಬರೆದೆ. ಹುಡುಗರ ಮನಸ್ಸು ಮುರಿಯದಿರಲಿ ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದೆ. ಆ ಆರ್ಡರು ಮತ್ತೆ ಬರಲಿಲ್ಲ.

ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಜಗತ್ತೆಲ್ಲ ಡ್ರಾಯಿಂಗಿನ ಅಳತೆಯನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಿಡಿಯುತ್ತದೆ. ನಾವು ತಗಡಿನ ಸೂರಿನಡಿ, ಏಪ್ರಿಲ್ ಮಧ್ಯಾಹ್ನ, ಲೇತಿನಿಂದ ಇಳಿಸಿದ ಬಿಸಿ ಬಿಸಿ ಬುಷ್ಷಿಗೆ ಮೈಕ್ರೋಮೀಟರ್ ಹಿಡಿಯುತ್ತಿದ್ದೆವು. ಅಷ್ಟು ವ್ಯಾಸದ ಹಿತ್ತಾಳೆ 25ರಿಂದ 30 ಡಿಗ್ರಿ ತಣ್ಣಗಾದರೆ 20 ಮೈಕ್ರಾನ್ ಹತ್ತಿರ ಕುಗ್ಗುತ್ತದೆ. ನಮಗಿದ್ದ ಟಾಲರೆನ್ಸ್ ಅಷ್ಟೇ. ಅವರು ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಟ್ಟದ ಪೆಟ್ಟಿಗೆಯಿಂದ ಒಂದು ಬುಷ್ ತೆಗೆದು, ಬೆಳಗಿನ ತಂಪಿನಲ್ಲಿ ಅಳೆದಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಆ ಅರ್ಧ ಗಂಟೆ ನನ್ನನ್ನು ಈಗಲೂ ಕಾಡುತ್ತದೆ.

ನೀವು ಮಾಡುವುದು ಔಷಧ ಕಾರ್ಖಾನೆಗೆ ಬೇಕಾದ ಡೋಸಿಂಗ್ ಪಂಪು. ಹನಿ ಹೆಚ್ಚು ಕಡಿಮೆಯಾದರೂ ಆಗದ ಕೆಲಸ. ಅಳತೆಗೆಂದು ಒಂದು ಪುಟ್ಟ ಎ.ಸಿ. ಕೋಣೆ ಕಟ್ಟು, ಆಫೀಸಿಗೆ ಎ.ಸಿ. ಇಲ್ಲದಿದ್ದರೂ ನಡೆಯುತ್ತದೆ. ಬಾಗಿಲ ಹತ್ತಿರ, ಎಲ್ಲರ ಕಣ್ಣಿಗೂ ಬೀಳುವಲ್ಲಿ ಒಂದು ಮೇಜು ಹಾಕಿಸು. ತಿರುಗಿ ಬಂದ ಪಂಪು ಅಲ್ಲೇ ಬಿಚ್ಚಬೇಕು. ಅದನ್ನು ಜೋಡಿಸಿದ ಹುಡುಗನೂ ಅಲ್ಲಿರಲಿ, ಅವನನ್ನು ಯಾರೂ ಬೈಯದಿರಲಿ.

ಮುಂದಿನ ತಿಂಗಳು ನಿನ್ನ ಮೊದಲ ಲಾಟ್ ಹೊರಡುತ್ತದೆಂದು ನಿನ್ನಪ್ಪ ಹೇಳಿದ. ಅದರಲ್ಲಿ ಏನಾದರೂ ವಾಪಸ್ ಬಂದರೆ ಅದೇ ದಿನ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಾನು ಬರುವವರೆಗೆ ಪೆಟ್ಟಿಗೆ ತೆರೆಯಬೇಡ, ಇಬ್ಬರೂ ಕೂತು ಬಿಚ್ಚೋಣ.

ನಿನ್ನ ದೊಡ್ಡಪ್ಪ