ದುಂಡನೆಯ ಗೋಡೆಗೆ ಮೊದಲ ಕಲ್ಲು ಯಾವುದು?

*ಇಂದಿನ ಧಮ್ಮ ಚಿಂತನೆ*
*ವಿಷಯ: ದಾನ*



ನಮ್ಮ ಅಧ್ಯಯನ ಕೋಣೆಗೆ ಟೈಲ್ಸ್ ಹಾಕಿಸಲು ಹಣ ಕೂಡಿಸುತ್ತಿದ್ದೇವೆ. ಭಾನುವಾರದ ಸಭೆಯಲ್ಲಿ ಟೈಲ್ಸ್ ಬಣ್ಣದ ಮಾತು ಐದೇ ನಿಮಿಷದಲ್ಲಿ ಮುಗಿಯಿತು. ದಾನಿಗಳ ಫಲಕದಲ್ಲಿ ಯಾರ ಹೆಸರು ಮೊದಲು ಎಂಬ ಮಾತು ರಾತ್ರಿ ಹತ್ತಾದರೂ ಮುಗಿಯಲಿಲ್ಲ. ಹಿರಿಯರೊಬ್ಬರು ನೊಂದು ಎದ್ದು ಹೋದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಪಟ್ಟಿಯಲ್ಲಿ ನನ್ನ ಹೆಸರು ಎಷ್ಟನೆಯದೆಂದು ನಾನೂ ಹುಡುಕುತ್ತಿದ್ದೆ.

ಮನೆಗೆ ಬಂದ ಮೇಲೆ ನೆನಪಾದದ್ದು ಕನಗನಹಳ್ಳಿ. ನಮ್ಮ ಭೀಮೆಯ ಆಚೆ ದಂಡೆಯಲ್ಲಿ, ಸನ್ನತಿಯ ಪಕ್ಕದಲ್ಲೇ ಇರುವ ಮಹಾಸ್ತೂಪ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೆಳಕಿಗೆ ಬಂತು. ಸುಮಾರು 2000 ವರ್ಷಗಳ ಹಿಂದೆ ಆ ಸ್ತೂಪಕ್ಕೆ ಸುತ್ತಲೂ ಸುಣ್ಣಕಲ್ಲಿನ ಚಪ್ಪಡಿ ಹೊದಿಸಿದ್ದರು. ಚಪ್ಪಡಿಗಳ ಮೇಲೆ ಬುದ್ಧರ ಬದುಕು, ಜಾತಕದ ಕಥೆಗಳು. ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿರುವ ಅಶೋಕನ ಶಿಲ್ಪವೂ ಅಲ್ಲೇ ಇದೆ. ರಾಜನ ಹೆಸರಿರುವ ಆ ಸ್ತೂಪದಲ್ಲೇ ಕಲ್ಲು ಕೊಟ್ಟ ಜನರ ಹೆಸರುಗಳೂ ಇವೆ. ಗೃಹಸ್ಥರು, ಭಿಕ್ಖುಗಳು, ಭಿಕ್ಖುಣಿಯರು ಎಲ್ಲರೂ ಇದ್ದಾರೆ.

ಆದ್ದರಿಂದ ಹೆಸರು ಬರೆಸುವುದೇ ತಪ್ಪು ಎನ್ನಲಾರೆ. ನಮ್ಮ ಹಿರಿಯರ ಹೆಸರನ್ನು ಯಾವ ಗೋಡೆಯ ಮೇಲೂ ಬರೆಯಗೊಡದ ಕಾಲವಿತ್ತು. ಹೆಸರಿನ ಬೆಲೆ ನಮಗೆ ಗೊತ್ತು. ಆದರೆ ಗಮನಿಸಿ: ಸ್ತೂಪ ದುಂಡಗಿದೆ. ದುಂಡನೆಯ ಗೋಡೆಗೆ ಮೊದಲ ಕಲ್ಲು ಯಾವುದು, ಕೊನೆಯದು ಯಾವುದು?

ಇದೇ ಸ್ತೂಪ ಚೀನಾಕ್ಕೆ ಹೋಗಿ ಎತ್ತರದ ಗೋಪುರವಾಯಿತು. ಅದನ್ನೇ ಪಗೋಡ ಎನ್ನುತ್ತಾರೆ. ಕೈಫೆಂಗ್ ನಗರದಲ್ಲಿದ್ದ ಮರದ ಪಗೋಡ 1044ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. 1049ರಲ್ಲಿ ಅದನ್ನು ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು: ಎಂಟು ಮೂಲೆ, 13 ಅಂತಸ್ತು. ಅಚ್ಚಿನಲ್ಲಿ ಒತ್ತಿ, ಮೆರುಗು ಹಚ್ಚಿ ಸುಟ್ಟ ಮಣ್ಣಿನ ಬಿಲ್ಲೆಗಳೇ ಅದರ ಹೊದಿಕೆ. ಅವುಗಳ ಮೇಲೆ ಬುದ್ಧ, ಸಿಂಹ, ಹೂಬಳ್ಳಿ. ಕಂದು ಮೆರುಗು ದೂರಕ್ಕೆ ಕಬ್ಬಿಣದಂತೆ ಕಾಣುವುದರಿಂದ ಜನ ‘ಕಬ್ಬಿಣದ ಪಗೋಡ’ ಎಂದರು. ಇರುವುದು ಮಣ್ಣು! ಬಡಗಿ ಮರ ಜೋಡಿಸುವಂತೆ ಒಂದನ್ನೊಂದು ಕಚ್ಚಿಸಿ ಕೂರಿಸಿದ್ದಾರೆ. ನೆರೆ ಬಂತು, ಯುದ್ಧ ಬಂತು, ಇವತ್ತಿಗೂ ನಿಂತಿದೆ.

ಬಂಧುಗಳೇ, ಬಿಲ್ಲೆ ನಿಲ್ಲುವುದು ಪಕ್ಕದ ಬಿಲ್ಲೆಯ ಆಸರೆಯಿಂದ. ಸಂಘವೂ ಹಾಗೆಯೇ. ಒಬ್ಬರು ನೊಂದು ಎದ್ದು ಹೋದರೆ ಪಕ್ಕದವರೂ ಸಡಿಲವಾಗುತ್ತಾರೆ. ಕೊಟ್ಟ ಹಣಕ್ಕೆ ಲೆಕ್ಕವಿರಲಿ, ಕೊಟ್ಟವರಿಗೆ ಹೆಸರೂ ಇರಲಿ. ಸಾಲಿನಲ್ಲಿ ಮುಂದೆ ನಿಲ್ಲುವ ಹಟವನ್ನಷ್ಟೇ ಬಿಡೋಣ. ಅದನ್ನು ಬಿಡುವುದೂ ದಾನವೇ.

ನನ್ನದೊಂದು ಸಲಹೆ: ಫಲಕದಲ್ಲಿ ಹೆಸರುಗಳನ್ನು ಪಟ್ಟಿಯಾಗಿ ಬೇಡ, ದುಂಡಗೆ ಬರೆಸೋಣ. ಇವತ್ತು ಸಂಜೆ ಶಾಲೆ ಮುಗಿಸಿ ಆ ಹಿರಿಯರ ಮನೆಗೆ ಹೋಗುತ್ತೇನೆ. ಜೊತೆಗೆ ಬರುವವರು ತಿಳಿಸಿ.

*ಇಂದಿನ ಅಭ್ಯಾಸ:* ಇವತ್ತು ಒಂದು ಒಳ್ಳೆಯ ಕೆಲಸ ಮಾಡಿ, ಯಾರಿಗೂ ಹೇಳದೆ ಮಲಗಿ. ಹೇಳಬೇಕೆನಿಸಿದಾಗ ಮನಸ್ಸು ಹೇಗೆ ಚಡಪಡಿಸುತ್ತದೆ ಎಂಬುದನ್ನು ಸುಮ್ಮನೆ ನೋಡಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏