ಕಾಲೇಜು ತೆರೆಯುವ ಮುಂಚಿನ ಬೇಸಿಗೆ

ಮೇ ತಿಂಗಳು ಬಂತೆಂದರೆ ನಮ್ಮ ವಾಚನಾಲಯದಲ್ಲಿ ಸಂಜೆಯ ಮಾತೆಲ್ಲ ಒಂದೇ: ಪ್ಲಸ್ ಟೂ ಫಲಿತಾಂಶ. ಪರೀಕ್ಷೆ ಮಾರ್ಚಿನಲ್ಲಿ, ಅಂಕ ತಿಳಿಯುವುದು ಮೇ ತಿಂಗಳಲ್ಲಿ, ಕಲಾ ಮತ್ತು ವಿಜ್ಞಾನ ಕಾಲೇಜುಗಳು ತೆರೆಯುವಾಗ ಜೂನ್ ಕೊನೆಯೋ ಜುಲೈಯೋ ಆಗುತ್ತದೆ. ಎಂಜಿನಿಯರಿಂಗ್ ಆದರೆ ಇನ್ನೂ ತಡ. ನಡುವಿನ ಈ ಮೂರು ತಿಂಗಳನ್ನು ಕೆಲವರು ಅಂಕದ ಚಿಂತೆಯಲ್ಲಿ ಕಳೆಯುತ್ತಾರೆ, ಕೆಲವರು ಊರಿಗೆ ಹೋಗಿ ಬಂದು ಕಳೆಯುತ್ತಾರೆ. ಈ ಕಾಲವನ್ನು ಮಕ್ಕಳ ಹಿತಕ್ಕೆ ಹೇಗೆ ಬಳಸಬಹುದೆಂಬುದೇ ಈ ಸಲದ ಪಾಠ.

ಕನ್ನಡಿಗರಿಗೂ ಈ ಊರಿನ ಕಾಲೇಜುಗಳಿಗೂ ಇರುವ ನಂಟು ಹೊಸದಲ್ಲ. ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೮೫೭ರಲ್ಲಿ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೂ ಇಲ್ಲಿಯ ಪರೀಕ್ಷೆಗೇ ಕೂರಬೇಕಾಗಿತ್ತು. ಮಂಜೇಶ್ವರದ ಎಂ. ಗೋವಿಂದ ಪೈಗಳು ಇಲ್ಲಿಯ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದವರು. ಅಂದು ಓದಿಗಾಗಿ ಈ ಊರಿಗೆ ಬಂದರು. ನಾವು ಹೊಟ್ಟೆಪಾಡಿಗಾಗಿ ಬಂದೆವು. ನಮ್ಮ ಮಕ್ಕಳೋ ಇಲ್ಲಿಯೇ ಬೆಳೆದು ಕಾಲೇಜಿನ ಬಾಗಿಲಿಗೆ ಬಂದಿದ್ದಾರೆ. ಅನೇಕ ಮನೆಗಳಲ್ಲಿ ಆ ಬಾಗಿಲು ದಾಟುವವರಲ್ಲಿ ಇವರೇ ಮೊದಲಿಗರು.

ನಮ್ಮ ಸ್ನೇಹಿತರೊಬ್ಬರು ಕುಂದಾಪುರದ ಕಡೆಯವರು; ಹೋಟೆಲಿನಲ್ಲಿ ಸಪ್ಲೈಯರ್. ಮಗನಿಗೆ ಒಳ್ಳೆಯ ಅಂಕ ಬಂತು. ಇವರೇ ರಜೆ ಹಾಕಿ ಸಾಲಿನಲ್ಲಿ ನಿಂತರು, ಇವರೇ ಅರ್ಜಿ ತುಂಬಿಸಿದರು, ಪ್ರಮಾಣಪತ್ರಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಹುಡುಗ ಸುಮ್ಮನೆ ಹಿಂದೆ ನಡೆದ. ಕಾಲೇಜು ತೆರೆದ ಮೇಲೆ ವಿದ್ಯಾರ್ಥಿವೇತನದ ಸೂಚನೆ ಹಲಗೆಯ ಮೇಲೆ ಬಂತು. ಯಾವ ಕಾಗದ ಬೇಕು, ಯಾರನ್ನು ಕೇಳಬೇಕು ಎಂಬುದು ಅವನಿಗೆ ತಿಳಿಯದು. ಕಚೇರಿಯ ಕಿಟಕಿಯ ಬಳಿ ಹೋಗಲು ಸಂಕೋಚ. ಕೊನೆಯ ದಿನ ಕಳೆದುಹೋಯಿತು. ಆ ವರ್ಷ ತಂದೆ ಬಡ್ಡಿಗೆ ಹಣ ತಂದರು. "ನಾನೇ ಕಾಲೇಜು ಕಂಡವನಲ್ಲ, ಅವನಿಗೇನು ಹೇಳಿಕೊಡಲಿ?" ಎಂದು ನಮ್ಮ ಮುಂದೆ ಕಣ್ಣೀರು ಹಾಕಿದರು.

ಅವರ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ನಲವತ್ತು ಮೇಜಿನ ಲೆಕ್ಕವನ್ನು ಬರೆಯದೆ ತಲೆಯಲ್ಲಿಟ್ಟುಕೊಳ್ಳುವವರು, ಭಾಷೆ ಬಾರದ ಊರಿಗೆ ಬಂದು ಕೇಳಿ ಕೇಳಿ ಬದುಕು ಕಟ್ಟಿಕೊಂಡವರು ಅವರು. ಕಾಲೇಜಿಗೆ ಹೊಸದಾಗಿ ಹೋಗುವ ಮಗುವಿಗೆ ಬೇಕಾದದ್ದು ಇದೇ ವಿದ್ಯೆ. ಭೌತಶಾಸ್ತ್ರವನ್ನು ಕಾಲೇಜು ಕಲಿಸುತ್ತದೆ. ಕಾಗದ, ಹಣ, ಹೊತ್ತು, ಮಾತು, ಇವನ್ನು ಕಲಿಸಬೇಕಾದವರು ನಾವು. ಅದಕ್ಕೆ ದಾರಿ, ನಾವು ಮಾಡುತ್ತಿದ್ದ ಕೆಲಸವನ್ನು ಅವರ ಕೈಗೆ ಒಪ್ಪಿಸುವುದು.

ಕಾಗದಪತ್ರ

ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ವರಮಾನ ಪತ್ರ, ಭಾವಚಿತ್ರ, ಇವೆಲ್ಲ ಒಂದೇ ಚೀಲದಲ್ಲಿರಲಿ. ಪ್ರತಿಯೊಂದಕ್ಕೂ ಐದು ನಕಲು ಮಾಡಿಸಿ. ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಮಗುವೇ ಬರೆಯಲಿ, ಚೀಲ ಅದರ ವಶದಲ್ಲೇ ಇರಲಿ. ವರಮಾನ ಪತ್ರಕ್ಕೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಮನೆಯಲ್ಲಿ ಯಾರೂ ಪದವೀಧರರಲ್ಲದಿದ್ದರೆ 'ಮೊದಲ ಪದವೀಧರ' ಪತ್ರಕ್ಕೆ ನಾವು ಅರ್ಹರೇ ಎಂಬುದನ್ನೂ ಅಲ್ಲಿಯೇ ವಿಚಾರಿಸಿ. ಫಲಿತಾಂಶ ಬಂದ ಮೇಲೆ ಕೇಂದ್ರಗಳಲ್ಲಿ ನೂಕುನುಗ್ಗಲು. ಏಪ್ರಿಲಿನಲ್ಲಿಯೇ ಹೋಗುವುದು ಜಾಣತನ.

ನಮ್ಮವರು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ಕರ್ನಾಟಕದಿಂದ ತಂದ ಪತ್ರ ಇಲ್ಲಿಯ ಮೀಸಲಾತಿಗೆ ಸಲ್ಲುವುದಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದ ಪರಿಶಿಷ್ಟರ ವಿಷಯದಲ್ಲಿ ಸುಪ್ರೀಂ ಕೋರ್ಟು ೧೯೯೦ರಲ್ಲಿ ಇದನ್ನೇ ಹೇಳಿತು. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಕುಟುಂಬಗಳ ಮಾತು ಬೇರೆ. ಉಳಿದವರು ಸಾಮಾನ್ಯ ವರ್ಗವೆಂದೇ ಎಣಿಸಿ, ಅದಕ್ಕೆ ತಕ್ಕಂತೆ ಮೂರು ನಾಲ್ಕು ಕಾಲೇಜುಗಳಿಗೆ ಅರ್ಜಿ ಹಾಕಿರಿ. ಕೊನೆಯ ಗಳಿಗೆಯಲ್ಲಿ ತಿಳಿದರೆ ಮಗುವಿಗೆ ಆಗುವ ನಿರಾಸೆ ಬಲು ದೊಡ್ಡದು.

ಮೂಲ ಪತ್ರಗಳನ್ನು ಕಾಲೇಜು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ ೨೦೧೮ರಲ್ಲಿ ಪ್ರಕಟಿಸಿದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀತಿ ಕೇಳಿರಿ.

ಹಣ

ಒಂದು ಹಾಳೆಯಲ್ಲಿ ಮೂರು ವರ್ಷದ ಖರ್ಚನ್ನು ಮಗುವಿನೊಡನೆ ಕುಳಿತು ಬರೆಯಿರಿ: ಶುಲ್ಕ, ಪುಸ್ತಕ, ಪ್ರಯಾಣ, ಊಟ. ಎದುರಿಗೆ ಮನೆಯ ವರಮಾನ ಬರೆಯಿರಿ. ಮಕ್ಕಳಿಂದ ಬಡತನ ಮುಚ್ಚಿಡುವುದು ಪ್ರೀತಿಯೆಂದು ನಾವು ತಿಳಿಯುತ್ತೇವೆ. ಆದರೆ ಲೆಕ್ಕ ತಿಳಿಯದ ಮಗು ಸಾಲದ ಭಾರವನ್ನೂ ತಿಳಿಯದು.

ಪ್ಲಸ್ ಟೂ ಪರೀಕ್ಷೆಯಲ್ಲಿ ತನ್ನ ಬೋರ್ಡಿನ ಮೇಲಿನ ಶೇಕಡಾ ೨೦ರೊಳಗೆ ಬಂದವರು, ಮನೆಯ ವಾರ್ಷಿಕ ವರಮಾನ ೪.೫ ಲಕ್ಷ ರೂಪಾಯಿ ಮೀರದಿದ್ದರೆ, ಕೇಂದ್ರ ಸರಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಯ ಮೂರು ವರ್ಷ, ವರ್ಷಕ್ಕೆ ೧೨,೦೦೦ ರೂಪಾಯಿ. ಸಂಖ್ಯೆ ಮಿತವಾದ್ದರಿಂದ ಎಲ್ಲರಿಗೂ ಸಿಗದು. ಕೇಳದವರಿಗಂತೂ ಸಿಗುವುದೇ ಇಲ್ಲ. ಅರ್ಜಿ ಕಾಲೇಜು ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಪ್ರತಿ ವರ್ಷವೂ ನವೀಕರಿಸಬೇಕು. ೬ರಿಂದ ೧೨ನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ತಿಂಗಳಿಗೆ ೧,೦೦೦ ರೂಪಾಯಿ ಕೊಡುವ 'ಪುದುಮೈ ಪೆಣ್' ಯೋಜನೆಯನ್ನು ತಮಿಳುನಾಡು ಸರಕಾರ ೨೦೨೨ರಲ್ಲಿ ಆರಂಭಿಸಿತು. ೨೦೨೪ರಲ್ಲಿ ಹುಡುಗರಿಗೆ 'ತಮಿಳ್ ಪುದಲ್ವನ್' ಬಂತು. ಈ ವರ್ಷದ ನಿಯಮವನ್ನು ಶಾಲೆಯಲ್ಲಿಯೇ ಕೇಳಿ ತಿಳಿಯಿರಿ.

ಸಾಲ ಮಾಡಲೇಬೇಕಾದರೆ ಬಡ್ಡಿ ಅಂಗಡಿಗೆ ಹೋಗುವ ಮುನ್ನ ಬ್ಯಾಂಕಿಗೆ ಹೋಗಿರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ೪ ಲಕ್ಷದವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆಂಬುದನ್ನು ಮರೆಯಬಾರದು.

ಹೊತ್ತು ಮತ್ತು ಓದು

ಕಾಲೇಜು ತೆರೆಯುವ ಮೊದಲೇ ಒಂದು ದಿನ ಬೆಳಗಿನ ಹೊತ್ತಿನಲ್ಲಿ ಮಗು ಒಬ್ಬಂಟಿಯಾಗಿ ಕಾಲೇಜಿನ ಗೇಟಿನವರೆಗೆ ಹೋಗಿ ಬರಲಿ. ಯಾವ ಬಸ್ಸು, ಯಾವ ರೈಲು, ಎಷ್ಟು ಹೊತ್ತು ಎಂದು ಬರೆದುಕೊಳ್ಳಲಿ. ರೈಲಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿಯ ಸೀಸನ್ ಟಿಕೆಟ್ ಉಂಟು.

ಶಾಲೆಯಲ್ಲಿ ಮೇಷ್ಟರು ಟಿಪ್ಪಣಿ ಬರೆಸುತ್ತಾರೆ. ಕಾಲೇಜಿನಲ್ಲಿ ಕೇಳಿ ತಾವೇ ಬರೆದುಕೊಳ್ಳಬೇಕು. ಅದಕ್ಕೆ ಅಭ್ಯಾಸ ಬೇಕು. ಎಗ್ಮೋರಿನಲ್ಲಿ ೧೮೯೬ರಲ್ಲಿ ತೆರೆದ ಕನ್ನಿಮರಾ ಗ್ರಂಥಾಲಯವಿದೆ. ಕೋಟ್ಟೂರುಪುರದಲ್ಲಿ ೨೦೧೦ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವಿದೆ. ಮಗು ದಿನಕ್ಕೆ ಎರಡು ಗಂಟೆ ಅಲ್ಲಿ ಕುಳಿತು ಓದಿ, ಓದಿದ್ದನ್ನು ಸ್ವಂತ ಮಾತಿನಲ್ಲಿ ಅರ್ಧ ಪುಟ ಬರೆಯಲಿ. ತಮಿಳು ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ದಿನವೂ ಗಟ್ಟಿಯಾಗಿ ಓದಲಿ.

ಇನ್ನೂ ಕೆಳಗಿನ ತರಗತಿಗಳ ಮಕ್ಕಳಿರುವವರಿಗೆ ಒಂದು ಮಾತು. ಕರ್ನಾಟಕದ ವೃತ್ತಿ ಕಾಲೇಜುಗಳಲ್ಲಿ ಹೊರನಾಡ ಕನ್ನಡಿಗರೆಂದು ಸೀಟು ಕೇಳುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅರ್ಜಿ ಹಾಕುವುದು ಪ್ಲಸ್ ಟೂ ಪರೀಕ್ಷೆಗೂ ಮುಂಚೆ. ಬೇಸಿಗೆಯಲ್ಲಿ ನೆನಪಾದರೆ ಕಾಲ ಮಿಂಚಿರುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಲದು, ಓದಿ ಬರೆಯಲು ಬರಬೇಕು. ಈ ವಾಚನಾಲಯದ ಮೇಜಿನ ಮೇಲೆ ದಿನವೂ ಕನ್ನಡ ಪತ್ರಿಕೆಗಳಿವೆ, ಕಾಸು ಕೊಡಬೇಕಾಗಿಲ್ಲ. ಬರುವಾಗ ಮಕ್ಕಳನ್ನೂ ಕರೆತನ್ನಿರಿ.

ಕೇಳುವ ಧೈರ್ಯ

ನಮ್ಮ ಸ್ನೇಹಿತರ ಮಗಳು ಮೂರು ವರ್ಷದ ಮೇಲೆ ಪ್ಲಸ್ ಟೂ ಮುಗಿಸಿದಳು. ಈ ಸಲ ಅವರು ಇ-ಸೇವೈ ಕೇಂದ್ರಕ್ಕೆ ಅವಳ ಹಿಂದೆ ಹೋದರು.

"ಅಪ್ಪಯ್ಯ, ನೀವೇ ಕೇಳಿ" ಎಂದಳಂತೆ ಮಗಳು.

"ಇಲ್ಲ ಮಗಳೇ, ನೀನೇ ಕೇಳು. ನಾನು ಇಲ್ಲೇ ನಿಂತಿರ್ತೇನೆ."

ಮೊದಲ ದಿನ ಅವಳ ಸ್ವರವೇ ಹೊರಡಲಿಲ್ಲ. ಎರಡನೆಯ ದಿನ ಕೇಳಿದಳು. ಮೂರನೆಯ ಸಲ ತಂದೆ ಬೀದಿಯಲ್ಲಿಯೇ ನಿಂತರು. ಜುಲೈಯಲ್ಲಿ ಕಾಲೇಜಿನ ಸೂಚನಾ ಹಲಗೆಯನ್ನು ಮೊದಲು ಓದಿದವಳು ಅವಳೇ; ಅಣ್ಣನಿಗೂ ಈಗ ಅವಳೇ ಹೇಳುತ್ತಾಳೆ.

ಹಿರಿಯ ವಿದ್ಯಾರ್ಥಿಗಳು ಪೀಡಿಸಿದರೂ ಮಗು ಬಾಯಿಬಿಡಬೇಕು. ರ‍್ಯಾಗಿಂಗ್ ತಡೆಯಲು ತಮಿಳುನಾಡಿನಲ್ಲಿ ೧೯೯೭ರಿಂದಲೇ ಕಾನೂನುಂಟು. ಆದರೆ ಮನೆಗೆ ಬಂದು ಹೇಳಿದಾಗ "ನೀನೇ ಏನೋ ಮಾಡಿರಬೇಕು" ಎಂದು ಗದರಿಸಿದರೆ, ಮತ್ತೊಮ್ಮೆ ಅದು ಹೇಳುವುದಿಲ್ಲ. ಅಂಕ ಕಡಿಮೆಯಾದರೂ ಇದೇ ಮಾತು. ರಾತ್ರಿ ಪಾಳಿಯಿಂದ ಬಂದರೂ ಹತ್ತು ನಿಮಿಷ ಮಗುವಿನ ಮಾತು ಕೇಳಿರಿ.

ಈ ವಾರದ ಅಭ್ಯಾಸ

೧. ಕಾಗದಗಳ ಪಟ್ಟಿಯನ್ನು ಮಗುವಿನ ಕೈಯಿಂದ ಬರೆಸಿರಿ. ಯಾವುದಿಲ್ಲವೆಂದು ಗುರುತು ಹಾಕಿರಿ.

೨. ಮೊದಲ ವರ್ಷದ ಖರ್ಚನ್ನು ಇಬ್ಬರೂ ಕುಳಿತು ಲೆಕ್ಕ ಹಾಕಿರಿ.

೩. ಒಂದು ಕಚೇರಿ ಕೆಲಸವನ್ನು ಪೂರ್ತಿ ಮಗುವಿಗೇ ಬಿಡಿರಿ. ತಪ್ಪಿದರೆ ಗದರಿಸದೆ ಮರುದಿನ ಮತ್ತೆ ಕಳಿಸಿರಿ.

ಅರ್ಜಿ ಅರ್ಥವಾಗದಿದ್ದವರು ಸಂಜೆ ವಾಚನಾಲಯಕ್ಕೆ ತರಬಹುದು, ಕೂಡಿ ಓದೋಣ. ಲೇಖನಿ ಮಾತ್ರ ಮಗುವಿನ ಕೈಯಲ್ಲಿರಲಿ.