ವಿಮೆ ಇಲ್ಲದಿದ್ದರೆ ತೆರಿಗೆ: ಆಸ್ಟ್ರೇಲಿಯಾದ ಪದ್ಧತಿ ತಿಳಿದಿರಲಿ

ನಿಮ್ಮ ಮಗನೋ ಮಗಳೋ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದರೆ, ‘ಖಾಸಗಿ ಆಸ್ಪತ್ರೆ ವಿಮೆ ಮಾಡಿಸದಿದ್ದರೆ ಇಲ್ಲಿ ತೆರಿಗೆ ಹೆಚ್ಚು’ ಎಂಬ ಮಾತನ್ನು ನೀವು ಕೇಳಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಸಿಗುವ ದೇಶದಲ್ಲಿ ಇದೇಕೆ ಹೀಗೆ?

ಆ ದೇಶದಲ್ಲಿ 1984ರಿಂದ ‘ಮೆಡಿಕೇರ್’ ಯೋಜನೆ ಜಾರಿಯಲ್ಲಿದೆ. ಇದಕ್ಕಾಗಿ ಬಹುತೇಕ ತೆರಿಗೆದಾರರು ತಮ್ಮ ಆದಾಯದ ಶೇ. 2ರಷ್ಟನ್ನು ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಮೇಲಿನ ಹೊರೆ ತಗ್ಗಿಸಲು, ಅನುಕೂಲವಂತರು ಖಾಸಗಿ ವಿಮೆ ಮಾಡಿಸಲಿ ಎಂಬ ಉದ್ದೇಶದಿಂದ 1997ರ ಜುಲೈನಲ್ಲಿ ಇನ್ನೊಂದು ತೆರಿಗೆ ಸೇರಿಸಲಾಯಿತು. ಅದೇ ಮೆಡಿಕೇರ್ ಲೆವಿ ಸರ್‌ಚಾರ್ಜ್.

ಯಾರಿಗೆ, ಎಷ್ಟು?

2025-26ರ ಆರ್ಥಿಕ ವರ್ಷದಲ್ಲಿ ಒಂಟಿ ವ್ಯಕ್ತಿಗೆ 1,01,000 ಡಾಲರ್, ಕುಟುಂಬಕ್ಕೆ 2,02,000 ಡಾಲರ್ ಮಿತಿ. ಎರಡನೆಯ ಮಗುವಿನಿಂದ ತಲಾ 1,500 ಡಾಲರ್ ಮಿತಿ ಏರುತ್ತದೆ. ಇದನ್ನು ಮೀರಿದವರಿಗೆ ಆದಾಯಕ್ಕೆ ತಕ್ಕಂತೆ ಶೇ. 1, 1.25 ಅಥವಾ 1.5ರ ದರ. ಮಿತಿ ದಾಟಿದ ಭಾಗಕ್ಕೆ ಮಾತ್ರವಲ್ಲ, ತೆರಿಗೆಗೆ ಒಳಪಡುವ ಇಡೀ ಆದಾಯಕ್ಕೆ ಈ ದರ ಅನ್ವಯಿಸುತ್ತದೆ.

ಒಂದು ಉದಾಹರಣೆ ನೋಡಿ. ಗಂಡನ ಆದಾಯ 1,20,000, ಹೆಂಡತಿಯದು 90,000 ಡಾಲರ್, ಒಟ್ಟು 2,10,000. ವಿಮೆ ಇಲ್ಲದಿದ್ದರೆ ಗಂಡ 1,200, ಹೆಂಡತಿ 900, ಒಟ್ಟು 2,100 ಡಾಲರ್ ಹೆಚ್ಚುವರಿಯಾಗಿ ಕೊಡಬೇಕು. ಈ ಹಣ ಕಟ್ಟಿದ ಮಾತ್ರಕ್ಕೆ ಖಾಸಗಿ ಆಸ್ಪತ್ರೆಯ ಸೌಲಭ್ಯವೇನೂ ದೊರೆಯುವುದಿಲ್ಲ.

ಎಲ್ಲಿ ಎಡವುತ್ತಾರೆ?

* ಹಲ್ಲು, ಕನ್ನಡಕಗಳ ಖರ್ಚು ಮಾತ್ರ ಭರಿಸುವ ಪಾಲಿಸಿ ಸಾಲದು. ಆಸ್ಪತ್ರೆ ವಿಮೆಯೇ ಬೇಕು.
* ಭಾರತದಲ್ಲಿ ಮಾಡಿಸಿದ ವಿಮೆಯಾಗಲೀ ಪ್ರವಾಸಿ ವಿಮೆಯಾಗಲೀ ಲೆಕ್ಕಕ್ಕೆ ಬರುವುದಿಲ್ಲ.
* ಪತಿ, ಪತ್ನಿ, ಅವಲಂಬಿತ ಮಕ್ಕಳು ಎಲ್ಲರೂ ವಿಮೆಯ ವ್ಯಾಪ್ತಿಯಲ್ಲಿರಬೇಕು.
* ‘ಎಕ್ಸೆಸ್’, ಅಂದರೆ ಆಸ್ಪತ್ರೆಗೆ ಸೇರಿದಾಗ ರೋಗಿ ಮೊದಲು ಕೈಯಿಂದ ಕೊಡುವ ಹಣ, ಒಬ್ಬರಿಗೆ 750, ಕುಟುಂಬಕ್ಕೆ 1,500 ಡಾಲರ್ ಮೀರಬಾರದು.
* ವರ್ಷದ ನಡುವೆ ವಿಮೆ ಮಾಡಿಸಿದರೆ, ಅದಕ್ಕೆ ಮೊದಲಿನ ದಿನಗಳಿಗೆ ತೆರಿಗೆ ತಪ್ಪುವುದಿಲ್ಲ.

ಅಗ್ಗದ ಪಾಲಿಸಿ ಸಾಕೇ?

ತೆರಿಗೆಗಿಂತ ಕಡಿಮೆ ಬೆಲೆಯ ಪಾಲಿಸಿ ಸಿಕ್ಕರೆ ಕೊಂಡುಬಿಡುವುದು ಜಾಣತನವೆಂದು ಹಲವರು ಭಾವಿಸುತ್ತಾರೆ. ತೆರಿಗೆಯೇನೋ ಉಳಿಯುತ್ತದೆ. ಆದರೆ ಪಾಲಿಸಿಗಳಲ್ಲಿ ಬೇಸಿಕ್, ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬ ನಾಲ್ಕು ದರ್ಜೆಗಳಿವೆ. ಬೇಸಿಕ್ ದರ್ಜೆಯಲ್ಲಿ ಖಡ್ಡಾಯವಾಗಿ ಸಿಗುವ ಚಿಕಿತ್ಸೆಗಳು ಬಹಳ ಕಡಿಮೆ. ಹೆರಿಗೆಯನ್ನು ಕಡ್ಡಾಯವಾಗಿ ಒಳಗೊಂಡಿರುವುದು ಗೋಲ್ಡ್ ದರ್ಜೆ ಮಾತ್ರ. ಅದಕ್ಕೂ 12 ತಿಂಗಳು ಕಾಯಬೇಕು. ಗರ್ಭ ನಿಂತ ಮೇಲೆ ವಿಮೆ ಮಾಡಿಸಿದರೆ ಆ ಹೆರಿಗೆಗೆ ಪ್ರಯೋಜನವಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೂ ಸಾಮಾನ್ಯವಾಗಿ ಇಷ್ಟೇ ಕಾಲ ಕಾಯಬೇಕಾಗುತ್ತದೆ.

ಹಾಗೆಂದು ಗಾಬರಿ ಬೇಡ. ಮೆಡಿಕೇರ್ ಇರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಅಪಘಾತ, ಹೃದಯಾಘಾತದ ಚಿಕಿತ್ಸೆ ಉಚಿತವಾಗಿಯೇ ದೊರೆಯುತ್ತದೆ. ಕಣ್ಣಿನ ಪೊರೆ, ಮಂಡಿ ಬದಲಾವಣೆಯಂಥ ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮಾತ್ರ ಸರದಿಗಾಗಿ ಬಹಳ ದಿನ ಕಾಯಬೇಕಾಗಬಹುದು. ಖಾಸಗಿ ವಿಮೆ ಮುಖ್ಯವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಆಗಲೂ ವೈದ್ಯರ ಶುಲ್ಕದಲ್ಲಿ ಒಂದು ಪಾಲು ರೋಗಿಯ ಮೇಲೆ ಬೀಳಬಹುದು.

ವಯಸ್ಸಿನ ಲೆಕ್ಕವೂ ಉಂಟು. ತಡವಾಗಿ ವಿಮೆ ಮಾಡಿಸುವವರು 30 ವರ್ಷ ಮೀರಿದ ಪ್ರತಿ ವರ್ಷಕ್ಕೆ ಶೇ. 2ರಂತೆ ಹೆಚ್ಚು ಕಂತು ಕಟ್ಟಬೇಕು. 40ನೇ ವಯಸ್ಸಿನಲ್ಲಿ ಸೇರಿದರೆ ಶೇ. 20 ಹೆಚ್ಚು. 31 ದಾಟಿ ವಲಸೆ ಹೋದವರಿಗೆ, ಮೆಡಿಕೇರ್‌ನಲ್ಲಿ ಪೂರ್ಣ ನೋಂದಣಿಯಾದ ದಿನದಿಂದ 12 ತಿಂಗಳ ಕಾಲಾವಕಾಶವಿದೆ.

ಆದ್ದರಿಂದ ಮುಂದಿನ ಬಾರಿ ಮಕ್ಕಳೊಡನೆ ಮಾತನಾಡುವಾಗ ಮೂರು ಪ್ರಶ್ನೆ ಕೇಳಿ: ತೆರಿಗೆ ಎಷ್ಟು ಬೀಳುತ್ತದೆ? ಪಾಲಿಸಿಯಲ್ಲಿ ಯಾವ ಚಿಕಿತ್ಸೆಗಳಿವೆ? ಎಷ್ಟು ತಿಂಗಳು ಕಾಯಬೇಕು? ಮೊದಲನೆಯದಕ್ಕೆ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಕಾಯಿಲೆ ಬಂದಾಗ ಕೈಹಿಡಿಯುವುದು ಉಳಿದೆರಡರ ಉತ್ತರ.